ಅಂಡಮಾನಿಗೆ ಒಂದು ಗೇಣು

ತಾತನ ಬಲಗೈ ಕಿರುಬೆರಳು ಒಳಕ್ಕೆ ಬಾಗಿತ್ತು. ಎಷ್ಟು ಚಾಚಿದರೂ ಅವರ ಗೇಣು ಬೇರೆಯವರದಕ್ಕಿಂತ ಎರಡು ಬೆರಳು ಗಿಡ್ಡ. ಮೊಳಕಾಲ್ಮೂರಿನಲ್ಲಿ ನಮ್ಮ ಪಕ್ಕದ ಮನೆಯವರು, ರೇಷ್ಮೆ ಸೀರೆ ನೇಯುತ್ತಿದ್ದರು. ಹೊತ್ತನ್ನೂ ಆ ಗಿಡ್ಡ ಗೇಣಿನಲ್ಲೇ ಅಳೆಯುತ್ತಿದ್ದರು: ಅಷ್ಟು ಹೊತ್ತಿನಲ್ಲಿ ಮಗ್ಗದ ಮೇಲೆ ಎಷ್ಟು ಸೀರೆ ಆಗುತ್ತದೋ ಅಷ್ಟು. ಅನ್ನ ಬೇಯಲು ಎರಡು ಬೆರಳು, ಬಸ್ಸಿನಲ್ಲಿ ಚಳ್ಳಕೆರೆಗೆ ಮುಕ್ಕಾಲು ಗೇಣು. ಗಡಿಯಾರ ತಂದುಕೊಡಲೇ ಎಂದು ರೇಗಿಸಿದರೆ, "ಅದು ಸುಮ್ನೆ ತಿರುಗ್ತೈತೆ, ಏನೂ ನೇಯಲ್ಲ" ಅನ್ನುತ್ತಿದ್ದರು.

ನನಗೆ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ನರ್ಸ್ ಕೆಲಸ ಸಿಕ್ಕಾಗ ಅವ್ವ ಒಪ್ಪಲಿಲ್ಲ. ಅಪ್ಪನಿಲ್ಲದ ಮನೆ, ತಾತನ ಮಗ್ಗಕ್ಕೆ ನೂಲು ಸುತ್ತಿಯೇ ಅವಳು ನನ್ನನ್ನು ಓದಿಸಿದ್ದಳು. "ನೆಲದ ಮ್ಯಾಲಾದ್ರೆ ನಡ್ಕಂಡಾದ್ರೂ ಬರ್ತೀನಿ. ನೀರಿನಾಚೆ ನಿನಗೇನಾದ್ರೂ ಆದ್ರೆ ಹೆಂಗೆ ಬರ್ಲಿ?" ಎಂದು ಊಟ ಬಿಟ್ಟು ಕೂತಳು.

ತಾತ ನನ್ನನ್ನು ಕರೆದು, "ಎಷ್ಟು ದೂರ ಅಮ್ಮಾಯಿ?" ಎಂದರು.

"ಚೆನ್ನೈನಿಂದ ಸಾವಿರದ ಮುನ್ನೂರು ಕಿಲೋಮೀಟರ್ ಮ್ಯಾಲೈತೆ ತಾತ. ವಿಮಾನದಾಗೆ ಎರಡೂಕಾಲು ಗಂಟೆ."

ಅವರು ಸೀರೆಯ ಮೇಲೆ ಕೈ ಚಾಚಿ ಅವ್ವನಿಗೆ ತೋರಿಸಿದರು. "ನೋಡಮ್ಮ, ಒಂದೇ ಗೇಣು. ಕಳಿಸು."

ನಾನು ಹೊರಟ ದಿನ ಅವ್ವನನ್ನು ಮಗ್ಗದ ಪಕ್ಕ ಕೂರಿಸಿಕೊಂಡರಂತೆ. ವಿಮಾನ ಹತ್ತಿ ನಾನು ಫೋನು ಮಾಡಿದಾಗ ಸೀರೆಯ ಅಂಚಿಗೆ ಗುರುತಿನ ದಾರ ಕಟ್ಟಿ ನೇಯಲು ಶುರುಮಾಡಿದರು. "ಗೇಣು ಮುಗಿಯೋ ಹೊತ್ತಿಗೆ ಮಗಳು ಇಳಿದಿರ್ತಾಳೆ" ಎಂದು ಮಾತು ಕೊಟ್ಟರು. ಆದರೆ ವಿಮಾನ ಅರ್ಧ ಗಂಟೆ ನಿಂತಲ್ಲೇ ನಿಂತಿತ್ತು. ಗೇಣು ಮುಗಿಯುತ್ತ ಬಂದರೂ ಫೋನಿಲ್ಲ. ತಾತ ಅವ್ವನನ್ನು ಗುಡಿಗೆ ದೀಪ ಹಚ್ಚಲು ಕಳಿಸಿ, ನೇಯ್ದದ್ದರಲ್ಲಿ ಎರಡು ಬೆರಳಷ್ಟರ ಅಡ್ಡ ಎಳೆಗಳನ್ನು ಕತ್ತರಿಸಿ ಬಿಚ್ಚಿಹಾಕಿ, ಮತ್ತೆ ನೇಯುತ್ತ ಕೂತರು. ಅವ್ವ ಬಂದಾಗ ಗೇಣು ಇನ್ನೂ ಬಾಕಿಯಿತ್ತು. ಅದು ಮುಗಿಯುವಷ್ಟರಲ್ಲಿ ನನ್ನ ಫೋನು ಬಂತು.

ಒಂದೆಳೆ ತಪ್ಪದ ಕೈ ಅದು. ನಾನು ಮೊದಲ ರಜೆಗೆ ಬಂದಾಗ ಈ ಸಂಗತಿ ಹೇಳಿ, "ನಿಮ್ಮವ್ವಂಗೆ ಹೇಳಬ್ಯಾಡ, ಆಮೇಲೆ ನನ್ನ ಗೇಣು ನಂಬಲ್ಲ" ಎಂದು ನಕ್ಕಿದ್ದರು. ಆಮೇಲೆ ನಾನು ಎಷ್ಟು ಸಲ ಹೋಗಿ ಬಂದರೂ ಅವ್ವ ಅಳಲಿಲ್ಲ.

ಹೋದ ಮಳೆಗಾಲದಲ್ಲಿ ತಾತನಿಗೆ ಕಾಯಿಲೆ ತೀರಾ ಜೋರಾಗಿದೆ ಎಂದು ಅವ್ವ ಫೋನು ಮಾಡಿದಳು. ವಿಮಾನ ನಿಲ್ದಾಣಕ್ಕೆ ಓಡಿದೆ. ಮಳೆಗೆ ಅಂದಿನ ವಿಮಾನ ರದ್ದಾಗಿತ್ತು. ಇವತ್ತು ಹೊರಡಲು ಆಗುವುದಿಲ್ಲ ಎಂದು ಅವ್ವನಿಗೆ ಫೋನಿನಲ್ಲಿ ಹೇಳಿ ಅಲ್ಲೇ ಕೂತು ಅತ್ತೆ. ಮರುದಿನದ ವಿಮಾನ ಹಿಡಿದು ಊರು ಮುಟ್ಟಿದಾಗ ಅವರ ಮಣ್ಣಾಗಿತ್ತು.

"ಕೊನೇಗೆ ನಿನ್ನೇ ಕೇಳಿದ್ರು ಕಣೆ, ಅಮ್ಮಾಯಿ ಹತ್ತಿದ್ಲಾ ಅಂತ" ಎಂದಳು ಅವ್ವ. "ಹತ್ತಿದಾಳೆ ಮಾವ, ಇನ್ನೊಂದೇ ಗೇಣು ಅಂದೆ. ಬೆರಳು ಚಾಚಿ ನೋಡ್ಕಂಡ್ರು. ಹಂಗೇ ಕಣ್ಮುಚ್ಚಿದ್ರು."

"ಸುಳ್ಳು ಹೇಳಿದೆಯಾ ಅವ್ವ?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಅವತ್ತು ಬಿಚ್ಚಿದ ಎಳೆ ಗುಡಿಸಿದೋಳು ನಾನೇ ಅಲ್ವೇನೇ."