ಎಣ್ಣೆಗೆಂದು ಚಿಂತಾಮಣಿಗೆ

ಹೋದ ಶನಿವಾರ ಬೆಳಿಗ್ಗೆ ಏಳಕ್ಕೆ ನಾನೂ ನನ್ನ ಹೆಂಡತಿ ಜಯಮ್ಮನೂ ಇಪ್ಪತ್ತು ಕಿಲೋ ಕಡಲೆಕಾಯಿ ಬೀಜದ ಚೀಲ ಹೊತ್ತುಕೊಂಡು ಚಿಕ್ಕಬಳ್ಳಾಪುರದಲ್ಲಿ ಚಿಂತಾಮಣಿ ಬಸ್ಸು ಹತ್ತಿದೆವು. ಜಯಮ್ಮ ಮನೆಯಲ್ಲೇ ನಿಪ್ಪಟ್ಟು ಮಾಡಿ ಅಂಗಡಿಗೆ ಕೊಡುತ್ತಾಳೆ. ಎಣ್ಣೆ ಬೆಲೆ ಏರಿದಂದಿನಿಂದ ಅವಳಿಗೆ ನೆಮ್ಮದಿಯಿಲ್ಲ. ತವರಿನಿಂದ ಬಂದ ಬೀಜ ಗಾಣಕ್ಕೆ ಕೊಟ್ಟು ನೋಡುವುದು, ಗಿಟ್ಟದಿದ್ದರೆ ನಿಪ್ಪಟ್ಟನ್ನೇ ನಿಲ್ಲಿಸುವುದು ಎಂದು ತೀರ್ಮಾನಿಸಿದ್ದಳು.

ಬಸ್ಸಿನಲ್ಲಿ ಅವಳಿಗೆ ಉಚಿತ ಟಿಕೆಟ್, ನನಗೆ ದುಡ್ಡು. "ನೀವ್ಯಾಕ್ರೀ ಬಂದ್ರಿ? ಉಳಿಸೋದನ್ನೆಲ್ಲ ನಿಮ್ಮ ಟಿಕೆಟ್ಟೇ ತಿಂದ್ಬಿಡ್ತು" ಎಂದು ರೇಗಿದಳು. ಹಿಂದಿನ ಸೀಟಿನ ಹೆಂಗಸರು ಕಿಸಕ್ಕನೆ ನಕ್ಕರು. ಆಮೇಲೆ ಗ್ಯಾಸು, ಕಾಫಿಪುಡಿ, ಸ್ಕೂಲ್ ಫೀಸು ಎಂದು ದಾರಿಯುದ್ದಕ್ಕೂ ಅವರದ್ದೇ ಮಾತು.

ಚಿಂತಾಮಣಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. "ಏಂ ಚೇಸ್ತಾಮಮ್ಮ, ಏನ್ಮಾಡೋದು, ಕರೆಂಟ್ ಬಿಲ್ಲೂ ಏರೋಯ್ತು" ಎಂದ ಗಾಣದವನು. ಆದರೂ ಹಳೇ ಪದ್ಧತಿ ಬಿಟ್ಟಿರಲಿಲ್ಲ: ಹಿಂಡಿ ಅವನಿಗೆ, ಎಣ್ಣೆ ನಮಗೆ, ಬೇರೆ ಕೂಲಿ ಇಲ್ಲ. ಎಂಟು ಲೀಟರ್ ಸಿಕ್ಕಿತು. ಆಹಾ, ಏನು ಘಮ! ಜಯಮ್ಮ ಮಾತ್ರ ಕ್ಯಾನು ನೋಡಿ, "ಎರಡು ವಾರಕ್ಕಾಯ್ತು, ಆಮೇಲೆ?" ಎಂದಳು. ಮುದ್ದೆ, ಸೊಪ್ಪಿನ ಸಾರು ಉಂಡೆವು. ಹೋಟೆಲಿನ ದರದ ಬೋರ್ಡಿನಲ್ಲಿ ಹಳೆಯ ಅಂಕಿಗಳ ಮೇಲೆ ಹೊಸ ಚೀಟಿ ಅಂಟಿಸಿದ್ದರು. ಅವಳು ಅದನ್ನೇ ನೋಡುತ್ತ ಕೂತಿದ್ದಳು.

ಬರುವಾಗ ಶಿಡ್ಲಘಟ್ಟದಲ್ಲಿ ಇಳಿದೆವು. ರೇಷ್ಮೆ ಗೂಡಿನ ಮಾರುಕಟ್ಟೆ ಹತ್ತಿರದ ಅಂಗಡಿಯ ನಾಗರಾಜಪ್ಪ ನಮ್ಮ ನಿಪ್ಪಟ್ಟು ಮಾರುವವನು. ನೋಡಿದವನೇ, "ಏನಕ್ಕಾ, ನಿಪ್ಪಟ್ಟು ಚಿಕ್ಕದಾಗೈತೆ ಅಂತ ಗಿರಾಕಿಗಳು ನನ್ನನ್ನ ಬೈತಾವ್ರೆ" ಎಂದ.

ನನಗೆ ಸಿಟ್ಟು ನೆತ್ತಿಗೇರಿತು. "ನಮ್ಮನೆಯವಳು ಅಂಥವಳಲ್ಲ ಕಣಯ್ಯಾ!"

"ನೀವು ಸುಮ್ನಿರಿ" ಎಂದಳು ಜಯಮ್ಮ. ಮುಖ ಕೆಂಪಾಗಿತ್ತು. "ದಿಟ ಕಣಪ್ಪ. ಜಾಸ್ತಿ ಕೇಳೋಕೆ ಬಾಯಿ ಬರ್ಲಿಲ್ಲ. ಅಗಲವಾಗಿ ತಟ್ಟೋದನ್ನ ಕೈ ಬಿಗಿಹಿಡಿದು ಚಿಕ್ಕದಾಗಿ ತಟ್ಟಿದೆ. ಇನ್ಮೇಲೆ ಮೊದಲಿನಂಗೇ ಮಾಡ್ತೀನಿ, ಒಂದಕ್ಕೆ ಒಂದು ರೂಪಾಯಿ ಜಾಸ್ತಿ ಕೊಡು. ಆಗಲ್ಲ ಅಂದ್ರೆ ಇವತ್ತಿಗೇ ನಿಲ್ಲಿಸ್ತೀನಿ."

ನಾಗರಾಜಪ್ಪ ತಲೆ ಕೆರೆದುಕೊಂಡ. "ಇದನ್ನ ಹೋದ ತಿಂಗಳೇ ಕೇಳ್ಬಾರ್ದಿತ್ತಾ ಅಕ್ಕಾ? ಬೈಸ್ಕೊಳ್ಳೋದಾದ್ರೂ ತಪ್ತಿತ್ತು. ಸೋಮವಾರ ನೂರರ ಬದಲು ಇನ್ನೂರು ಕಳ್ಸಿ."

ಬಸ್ಸಿನಲ್ಲಿ ಅವಳು ಬೆರಳು ಮಡಚಿ ಇನ್ನೂರರ ಲೆಕ್ಕ ಹಾಕುತ್ತಿದ್ದಳು. ಚಿಕ್ಕಬಳ್ಳಾಪುರದಲ್ಲಿ ಇಳಿದವಳು ಸೀದಾ ಪಾತ್ರೆ ಅಂಗಡಿಗೆ ಹೋಗಿ, ಮೇಲೆ ನೇತುಹಾಕಿದ್ದ ಭಾರಿ ಬಾಣಲೆ ತೋರಿಸಿದಳು.

"ಮದುವೆ ಮನೆಗೇನಮ್ಮಾ?" ಎಂದ ಅಂಗಡಿಯವನು.

"ಇಲ್ಲಪ್ಪ, ನಮ್ಮ ಮನೆಗೇ" ಎಂದಳು ಜಯಮ್ಮ.