ಬೈಲಹೊಂಗಲದ ಹೊಲಿಗೆ, ಕೊಚ್ಚಿಯ ಹಾಯಿ

ದೋಣಿಯಲ್ಲಿ ಸಂಸಾರ ಹೂಡಿದ ಮೊದಲ ಬೆಳಿಗ್ಗೆ ಚಹಾಕ್ಕೆ ಇಟ್ಟಾಗ ಕಿಟಕಿಯಲ್ಲಿ ಒಂದು ಚರ್ಚು ಕಾಣುತ್ತಿತ್ತು. ಚಹಾ ಸೋಸುವಷ್ಟರಲ್ಲಿ ಅದೇ ಕಿಟಕಿಗೆ ಮೀನು ಹರಾಜಿನ ಕಟ್ಟೆ ಬಂದು ನಿಂತಿತ್ತು. ಗಾಬರಿಯಾಗಿ ಗಂಡನನ್ನು ಕೂಗಿದೆ. ಅವರು ನಕ್ಕರು. ಲಂಗರು ಹಾಕಿದ ದೋಣಿ ಉಬ್ಬರ ಇಳಿತಕ್ಕೆ ತಕ್ಕಂತೆ, ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ, ಸುತ್ತು ಹೊಡೆಯುತ್ತದಂತೆ. ಅವತ್ತೇ ಅವ್ವ ಫೋನಿನಲ್ಲಿ, "ಬಾಗಲಾ ಯಾವ ದಿಕ್ಕಿಗೈತಿ?" ಎಂದು ಕೇಳಿದಳು.

"ಮುಂಜಾನಿ ಮೂಡಲಕ್ಕಿತ್ತವ್ವಾ, ಈಗ ಪಡುವಲಕ್ಕೈತಿ."

ಅವ್ವ ಫೋನನ್ನು ತಂಗಿಯ ಕೈಗೆ ಕೊಟ್ಟುಬಿಟ್ಟಳು.

ನಾನು ಬೈಲಹೊಂಗಲದವಳು. ಬಸ್ ಸ್ಟ್ಯಾಂಡಿನ ಹಿಂದೆ ಅಪ್ಪನದು ತಾಡಪಾಲು ಹೊಲಿಯುವ ಅಂಗಡಿ. ಲಾರಿಗೆ, ಕಾಳಿನ ರಾಶಿಗೆ ಹೊದಿಸುವ ದಪ್ಪ ಬಟ್ಟೆ. ಹತ್ತನೇ ತರಗತಿ ಮುಗಿದಾಗಿನಿಂದ ಅಲ್ಲಿನ ಎರಡನೇ ಮಷೀನು ನನ್ನದು. ಗಂಡ ಬಸವರಾಜ ಸವದತ್ತಿಯವರು. ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿನಲ್ಲಿ ಈಜು ಕಲಿತು ಸರಕಿನ ಹಡಗುಗಳಲ್ಲಿ ಎಂಜಿನ್ ಕೆಲಸ ಮಾಡಿದವರು. ಅವರು ಹಡಗಿನಲ್ಲಿದ್ದಷ್ಟು ತಿಂಗಳೂ ನಾನು ಅಂಗಡಿಯಲ್ಲೇ. ಕೊಚ್ಚಿಯಲ್ಲಿ ಒಂದು ಹಳೆಯ ಹಾಯಿದೋಣಿ ಕೊಂಡು, ಅದರಲ್ಲೇ ಇದ್ದು ದುರಸ್ತಿ ಮಾಡಿ, ನಾವಿಬ್ಬರೇ ಸಾಗರ ದಾಟಿ ಸೇಶೆಲ್ಸ್ ದ್ವೀಪಗಳಿಗೆ ಹೋಗಬೇಕೆಂಬುದು ಅವರ ಕನಸು. ಅದು ಯಾವಾಗ ನನ್ನದೂ ಆಯಿತೋ ಹೇಳಲಾರೆ. ನಾನು ಊರು ಬಿಟ್ಟ ದಿನ ಅಪ್ಪ ಮಷೀನಿನಿಂದ ತಲೆ ಎತ್ತಲಿಲ್ಲ. ಆಮೇಲೆ ಒಂದು ವರ್ಷದ ಮೇಲಾದರೂ ನನ್ನ ಕೂಡ ಮಾತೇ ಇರಲಿಲ್ಲ.

ಇಲ್ಲಿ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಹಾಸಿಗೆ ದೋಣಿಯ ಮೂಗಿನೊಳಗೆ ಮುಕ್ಕೋನವಾಗಿದೆ. ಇಬ್ಬರ ಕಾಲೂ ಒಂದೇ ಸಂದಿಗೆ ತುರುಕಬೇಕು. ಹಗ್ಗಕ್ಕೆ ಹಗ್ಗ ಎನ್ನುವಂತಿಲ್ಲ. ಹಾಯಿಯನ್ನು ಬಿಗಿಯುವ ಹಗ್ಗಕ್ಕೆ ಶೀಟ್ ಎನ್ನುತ್ತಾರೆ. ಬಟ್ಟೆಯ ನಡುವೆ ಬೆಳೆದ ನಾನು ಶೀಟ್ ಎಳೆ ಎಂದಾಗಲೆಲ್ಲ ಹಾಯಿಯನ್ನೇ ಎಳೆದು ಬೈಸಿಕೊಂಡೆ. ನೀರಿನ ವಿಷಯದಲ್ಲಿ ಮಾತ್ರ ಗೆದ್ದೆ. ವಾರಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಬೆಳೆದವಳಿಗೆ ಒಂದು ತಂಬಿಗೆಯಲ್ಲಿ ಮುಖ, ಕೈ, ಪಾತ್ರೆ ಮುಗಿಸುವುದನ್ನು ಯಾರೂ ಕಲಿಸಬೇಕಾಗಲಿಲ್ಲ.

ಜೋಳದ ಹಿಟ್ಟು ಮಾತ್ರ ಉಪ್ಪುಗಾಳಿಗೆ ನಾಲ್ಕೇ ದಿನದಲ್ಲಿ ಮುಗ್ಗಲು ಹಿಡಿಯುತ್ತಿತ್ತು. ಪಕ್ಕದ ಬಲೆದೋಣಿಯ ಮೇರಿ ದಿನಾ "ಸುಖಮಾಣೋ?" ಎಂದು ಕೇಳುತ್ತಿದ್ದಳು. ಸುಖವೇ ಎಂದರ್ಥ. "ಸುಖ, ಸುಖ" ಎನ್ನುತ್ತಿದ್ದೆ. ಸುತ್ತ ನೀರು ಹೊಳೆಯುವಾಗ ನನಗೆ ನೆನಪಾಗುತ್ತಿದ್ದುದು ಕಾಲು ಸಿಕ್ಕುವಷ್ಟು ಬಿರಿದ ನಮ್ಮ ಎರೆಮಣ್ಣು, ಅಂಗಡಿಯ ಮೇಣದ ವಾಸನೆ.

ಹೊರಡುವ ಮೊದಲು ಪರೀಕ್ಷೆಗೆಂದು ಮೂರು ದಿನದ ಲೆಕ್ಕ ಹಾಕಿ ಹೊರಸಮುದ್ರಕ್ಕೆ ಹೋದೆವು. ಎರಡನೇ ಮಧ್ಯಾಹ್ನ ದೊಡ್ಡ ಹಾಯಿಯ ಕೆಳಮೂಲೆ ಪಟಾಕಿ ಸಿಡಿದಂತೆ ಹರಿಯಿತು. ಆ ಮೂಲೆ ಹೊಲಿದವಳು ನಾನು. ಎಂಜಿನ್ ಹಾಕಿಕೊಂಡು ವಾಪಸು ಬರುವಾಗ ಬಸವರಾಜ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ನಡುಸಾಗರದಲ್ಲಿ ಹೀಗಾದರೆ ಗತಿಯೇನು? ದಡ ಸೇರಿ ಅವ್ವನಿಗೆ ಫೋನ್ ಮಾಡಿ ಅತ್ತೆ. "ನನ್ನ ಹೊಲಿಗಿ ಬಿಚ್ಚಿತವ್ವಾ. ಹೋಗೂದ ಬ್ಯಾಡ ಅನಸಾಕ ಹತ್ತೇತಿ."

ಫೋನ್ ಮಾಡಿದ ನಾಲ್ಕನೇ ದಿನ ಅಪ್ಪ ದೋಣಿಗೆ ಹತ್ತುವ ಜೆಟ್ಟಿಯ ಮೇಲೆ ನಿಂತಿದ್ದರು. ಕೈಯಲ್ಲಿ ಸೂಜಿ, ಮೇಣದ ದಾರದ ಚೀಲ, ಬಗಲಲ್ಲಿ ಕಡಕ್ ರೊಟ್ಟಿಯ ಗಂಟು. ಅವರು ಸಮುದ್ರ ನೋಡಿದ್ದು ಅದೇ ಮೊದಲು. ಅದರ ಕಡೆ ಸರಿಯಾಗಿ ನೋಡಲೂ ಇಲ್ಲ.

"ಬಿಚ್ಚಿದ್ದ ತೋರಸ," ಎಂದರು.

ಕಣ್ಣು ಮುಚ್ಚಿಕೊಂಡೇ ಪುಟ್ಟ ದೋಣಿಯಲ್ಲಿ ಕುಳಿತು ನಮ್ಮ ಹಾಯಿದೋಣಿಗೆ ಬಂದರು. ಹಾಯಿಯ ಮೂಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಾಡಿಸಿದರು.

"ಎಲ್ಲಿ ಬಿಚ್ಚೇತಿ? ಹೊಲಿಗಿ ಹಂಗ ಐತಿ. ಅರಿವಿ ಬಿಸಲಿಗೆ ಸತ್ತೈತಿ. ಸತ್ತ ಅರಿವಿಗೆ ಗಟ್ಟಿ ಹೊಲಿಗಿ ಹಾಕಿದಿ, ಅದ ನಿನ್ನ ತಪ್ಪ."

ಒಂದು ವರ್ಷದ ಮೇಲೆ ಅಪ್ಪನ ಬಾಯಿಂದ ಬಂದ ಬೈಗುಳ. ನನಗೆ ಹೊಟ್ಟೆ ತುಂಬಿತು.

ಮೂರು ದಿನ ಎದುರುಬದುರು ಕುಳಿತು ಹೊಲಿದೆವು. ಸತ್ತಷ್ಟನ್ನೂ ಕತ್ತರಿಸಿ, ಜೀವವಿದ್ದ ಬಟ್ಟೆಯವರೆಗೆ ಹೊಸ ತೇಪೆ ಹಬ್ಬಿಸಿದೆವು. ಕೊನೆಯ ದಿನ ಅಪ್ಪ ದಾರಕ್ಕೆ ಮೇಣ ತಿಕ್ಕುತ್ತ ಕೇಳಿದರು:

"ನೆಲಾ ಕಾಣದ ಎಷ್ಟ ದಿನಾ?"

"ಗಾಳಿ ಕೂಡಿ ಬಂದ್ರ ಇಪ್ಪತ್ತ ದಿನಾ ರೀ ಅಪ್ಪಾ."

ಅಪ್ಪ ಸೂಜಿಗೆ ದಾರ ಪೋಣಿಸಿದರು. "ನಿನ್ನ ಮಷೀನಿಗೆ ಎಣ್ಣಿ ಬಿಡತೇನಿ. ಅದರ ಮ್ಯಾಲ ಯಾರನೂ ಕುಂದರಿಸಿಲ್ಲ," ಎಂದರು.

ಆಗ ಅವರು 'ಬಾ' ಎಂದು ಒಂದು ಮಾತು ಅಂದಿದ್ದರೆ ಸೂಜಿ ಅಲ್ಲೇ ಚುಚ್ಚಿ ಅವರ ಹಿಂದೆ ಹೊರಟುಬಿಡುತ್ತಿದ್ದೆ. ಕಾದೆ. ಅಪ್ಪ ಹಲ್ಲಿನಿಂದ ದಾರ ಕಡಿದು, "ಆ ಅಂಚ ಜಗ್ಗಿ ಹಿಡಿ," ಎಂದರು. ಹಿಡಿದೆ.

ಮಧ್ಯಾಹ್ನ ಹಾಯಿ ಏರಿಸಿದೆವು. ಗಾಳಿ ತುಂಬಿ ಬಿಗಿಯಾದಾಗ ಅಪ್ಪ ಎದ್ದು, ಎರಡೂ ಕೈಯಲ್ಲಿ ಕಂಬ ಹಿಡಿದು, ತೇಪೆಯನ್ನೇ ನೋಡಿದರು. ಅದು ಮಿಸುಕಲಿಲ್ಲ. ಆಮೇಲೆ ಮೊದಲ ಸಲ ಅಳಿವೆಯಾಚೆಯ ಸಮುದ್ರದ ಕಡೆ ತಿರುಗಿದರು.

"ಇದಕ್ಕ ದಂಡೀನ ಇಲ್ಲಲ್ಲೋ ಬಸವರಾಜ," ಎಂದರು.

"ಐತ್ರಿ ಮಾಮಾ," ಎಂದರು ಇವರು. "ಭಾಳ ದೂರ ಐತಿ."

ಸಂಜೆ ಅಪ್ಪನನ್ನು ರೈಲಿಗೆ ಬಿಡಲು ಬಸವರಾಜ ಹೋದರು. ನಾನು ಕಣ್ಣೊರೆಸಿಕೊಳ್ಳುತ್ತ ಜೆಟ್ಟಿಯಲ್ಲೇ ಉಳಿದೆ. ಸ್ವಲ್ಪ ಹೊತ್ತಿಗೆ ಅಪ್ಪನ ಫೋನ್ ಬಂತು. ರೈಲಿನ ಗದ್ದಲದಲ್ಲಿ ಅವರ ದನಿ ಸಣ್ಣಗಿತ್ತು.

"ಮನಿ ಮುಟ್ಟಿದೇನ?"

ಯಾವ ಮನೆಯೆಂದು ಒಂದು ಕ್ಷಣ ತಿಳಿಯಲಿಲ್ಲ. ದೂರದಲ್ಲಿ ನಮ್ಮ ದೋಣಿ ತೂಗುತ್ತಿತ್ತು. ಊರಿನವರೊಬ್ಬರ ಬಾಯಲ್ಲಿ ಅದಕ್ಕೆ 'ಮನಿ' ಎಂಬ ಮಾತು ಬರಲೆಂದು ಇಷ್ಟು ದಿನ ಕಾದಿದ್ದೆ. ಬಂದಾಗ, ಅಪ್ಪ ಮಾತ್ರ ಅದನ್ನು ಅನ್ನಬಾರದಿತ್ತು, ಅವರು ನನ್ನನ್ನು ಬಿಟ್ಟುಕೊಟ್ಟಂತಾಯಿತು ಅನ್ನಿಸಿತು.

"ಇನ್ನೂ ಇಲ್ಲಪ್ಪಾ," ಎಂದೆ. "ಈಗ ಹೊಂಟೇನಿ."