ಪುಸ್ತಕದೊಳಗಿನ ಫಿದ್ದಾ

ನನ್ನ ನಾದಿನಿ ನೌಫಾಳಿಗೆ ಮರೆವು ಎಂಬುದೇ ಇಲ್ಲ. ಹೊಗಳಿಕೆ ಎಂದುಕೊಂಡರೂ ಸರಿ, ಬೈಗುಳ ಎಂದುಕೊಂಡರೂ ಸರಿ. ಕರಕ್ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳು ಇಂಗ್ಲಿಷ್ ಟೀಚರ್ ಆಗಿದ್ದಳು. ಸಂಜೆ ಹುಡುಗಿಯರನ್ನು ನಮ್ಮ ಮನೆಯ ಚಾಪೆಯ ಮೇಲೆ ಕೂರಿಸಿಕೊಂಡು, ಮಿಠಾಯಿ ಡಬ್ಬದ ರಟ್ಟು ಕತ್ತರಿಸಿ ಮಾಡಿದ ಚೀಟಿಗಳನ್ನು ಹರಡುತ್ತಿದ್ದಳು. ಒಂದರಲ್ಲಿ ಕಠಿಣ ಪದ, ಇನ್ನೊಂದರಲ್ಲಿ ಅದರ ಅರ್ಥ, ಜೋಡಿ ಹುಡುಕಬೇಕು. ನಿಘಂಟಿನ ಅರ್ಥ ತಲೆಯಲ್ಲಿ ನಿಲ್ಲುವುದಿಲ್ಲವೆಂದು ಅವಳು ಮನೆಯ ಬದುಕಿನಿಂದಲೇ ಅರ್ಥ ಬರೆಯುತ್ತಿದ್ದಳು. ‘ಟೆನೇಶಿಯಸ್’ ಎಂದರೆ ‘ಆಡು ದರದರ ಎಳೆದುಕೊಂಡು ಹೋದರೂ ಹಗ್ಗ ಬಿಡದ ಫಿದ್ದಾಳ ಹಾಗೆ’. ಫಿದ್ದಾ ತೀರಿಹೋದ ನನ್ನ ಅತ್ತೆ, ನೌಫಾಳ ತಾಯಿ. ಹೆಂಗಸರ ನಡುವಿನ ಮಾತು, ಯಾರಿಗೂ ತಪ್ಪೆನಿಸಲಿಲ್ಲ. ಗಂಡಸರ ಎದುರು ಮಾತ್ರ ನಮ್ಮಲ್ಲಿ ಯಾರ ತಾಯಿಯ ಹೆಸರನ್ನೂ ಎತ್ತುವುದಿಲ್ಲ. ಎತ್ತಿದರೆ ರಕ್ತ ಹರಿಯುವ ಜಗಳ.

ಶಾಲೆಗಳ ತಪಾಸಣೆಗೆ ಬರುತ್ತಿದ್ದ ಬೇರೆ ಊರಿನ ಅತಲ್ಲಾ ಆ ಚೀಟಿಗಳ ಡಬ್ಬವನ್ನು ನೋಡಿ ಕೊಡುತ್ತೇನೆಂದು ಒಯ್ದ. ಡಬ್ಬ ಬರಲಿಲ್ಲ, ಪುಸ್ತಕ ಬಂತು. ಮೇಲೆ ಅವನ ಹೆಸರು, ಅವನ ಫೋಟೊ. ಅವಳ ದುಡಿಮೆಯನ್ನೆಲ್ಲ ನುಂಗಿ ನೀರು ಕುಡಿದಿದ್ದ. ಕೇಳಿದ್ದಕ್ಕೆ ಎಲ್ಲ ಟೀಚರುಗಳ ಮುಂದೆ ಅವಳನ್ನೇ ಸುಳ್ಳುಗಾತಿ ಎಂದ, ಮರುಭೂಮಿಯಂಚಿನ ಶಾಲೆಗೆ ಎತ್ತಿಹಾಕಿಸಿದ. ಆ ಮನುಷ್ಯನ ಹೆಸರು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಈ ವರ್ಷ ಅವನಿಗೆ ಚುನಾವಣೆಗೆ ನಿಲ್ಲುವ ಚಪಲ. ನಮ್ಮ ಕುಲದ ಓಟು ಬೇಕಲ್ಲ, ಊರ ಹಿರಿಯರ ಗುಂಪು ಕಟ್ಟಿಕೊಂಡು ರಾಜಿಗೆ ಬಂದ. ಹಿರಿಯರ ಮುಂದೆ ಕಾಫಿ ಇಟ್ಟೆವು. ಮನೆಯವರು ಕ್ಷಮಿಸಿದೆವು ಎನ್ನುವವರೆಗೆ ಅವರು ಮುಟ್ಟುವುದಿಲ್ಲ. ಕುಡಿದ ಮೇಲೆ ಆ ವಿಷಯವನ್ನು ಯಾರೂ ಎತ್ತುವಂತಿಲ್ಲ. ನನ್ನ ಗಂಡ ಹಾಯಿಲ್ ಮೆತ್ತನೆಯವನು, ಹಿರಿಯರ ಮಾತು ಮೀರಲಾರ. ಅವನು ಕುಡಿಯಿರಿ ಎಂದುಬಿಟ್ಟರೆ ನೌಫಾಳ ಬಾಯಿಗೆ ಜೀವಮಾನದ ಬೀಗ.

ಅದಕ್ಕೇ ಅವಳು ಮೊದಲೇ ಅಣ್ಣನ ಕೈಗೆ ಆ ಪುಸ್ತಕ ಕೊಟ್ಟಿದ್ದಳು. “ಅಣ್ಣಾ, ನೀನು ಜಗಳ ಆಡ್ಬೇಡ. ಗುರುತು ಹಾಕಿರೋ ಸಾಲನ್ನ ಅವನ ಬಾಯಲ್ಲೇ ಓದ್ಸು, ಸಾಕು.”

ನಾವಿಬ್ಬರೂ ಪರದೆಯ ಹಿಂದೆ ನಿಂತಿದ್ದೆವು. ಹಿರಿಯರೂ ನಿಮ್ಮ ವಿದ್ಯೆ ಸ್ವಲ್ಪ ಕೇಳಲಿ ಎಂದು ಹಾಯಿಲ್ ಪುಸ್ತಕ ಚಾಚಿದ. ಅತಲ್ಲಾ ಉಬ್ಬಿಹೋದ. ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಓದಿದ, ಆಮೇಲೆ ಎಲ್ಲರಿಗೂ ತಿಳಿಯಲೆಂದು ನಮ್ಮ ಭಾಷೆಯಲ್ಲಿ ಅರ್ಥವನ್ನೂ ಹೇಳಿದ. ಆಡು, ಹಗ್ಗ, ಫಿದ್ದಾ. ಆ ಹೆಸರು ಯಾರದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಹಾಯಿಲನ ಕಿವಿ ಕೆಂಪೇರಿತು.

ಹಿರಿಯ ದೀಬ್ ಹಾಜಿ ನಿಧಾನವಾಗಿ ಹೇಳಿದರು: “ಆ ಆಡು ಎಳ್ಕೊಂಡು ಹೋದಾಗ ನಾನೂ ಅಲ್ಲಿದ್ದೆ ಕಣಪ್ಪ. ಇವರ ಮನೆಲೇ ಕೂತು ಇವರ ತಾಯಿ ಹೆಸರು ಹೇಳ್ತಿದ್ದೀಯ. ಇದನ್ನ ಬರೆದಿದ್ದು ನೀನೇನಾ?”

ಅತಲ್ಲಾ ಸಿಕ್ಕಿಬಿದ್ದ. ಹೌದು ಎಂದರೆ ಸತ್ತ ತಾಯಿಯನ್ನು ಬೀದಿಗೆಳೆದವನು. ಅಲ್ಲ ಎಂದರೆ ಕಳ್ಳ.

“ನಾನಲ್ಲ, ಚೀಟಿಗಳು ಟೀಚರಮ್ಮಂದು” ಎಂದ, ನೆಲ ನೋಡುತ್ತ.

ನನ್ನ ಹೊಟ್ಟೆ ತಣ್ಣಗಾಯಿತು. ನಿಜ ಹೊರಬಿತ್ತಲ್ಲ, ಇನ್ನು ಕಾಫಿ ಕುಡಿಯಲು ಹೇಳಪ್ಪ ಎಂದು ಹಿರಿಯರು ಹಾಯಿಲನಿಗೆ ಹೇಳಿದರು. ಅವನು ಪರದೆಯ ಕಡೆ ತಿರುಗಿದ.

“ಕಾಫಿ ಒಳಗೆ ತಗೊಂಡ್ಬಾ ಅಣ್ಣಾ” ಎಂದಳು ನೌಫಾ.

ಬಂದವರು ಬಾಯಿ ಒಣಗಿಸಿಕೊಂಡೇ ಎದ್ದು ಹೋದರು. ಕುಡಿಯದ ಕಾಫಿಯ ಸುದ್ದಿ ಊರೆಲ್ಲ ಹಬ್ಬಿತು. ಚುನಾವಣೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ನನಗೆ ಅಷ್ಟೇ ಸಾಕಿತ್ತು, ಅವಳಿಗೆ ಸಾಲಲಿಲ್ಲ. ಮರುದಿನ ಹೊಸ ರಟ್ಟು ಕತ್ತರಿಸಿ, ‘ಡಿಸ್‌ಗ್ರೇಸ್’ ಎಂಬ ಪದಕ್ಕೆ ‘ಅತಲ್ಲಾನಿಗಾಗಿ ಇಟ್ಟು, ಯಾರೂ ಕುಡಿಯದೆ ಆರಿಹೋದ ಕಾಫಿ’ ಎಂದು ಅರ್ಥ ಬರೆದಳು. ಈಗಲೂ ಸಂಜೆ ಮನೆಗೆ ಬರುತ್ತಿದ್ದ ಹುಡುಗಿಯರಲ್ಲಿ ಜೋಡಿ ಹುಡುಕಿದವಳೊಬ್ಬಳು ಇದನ್ನು ಜೋರಾಗಿ ಓದಬಹುದೇ ಎಂದು ಕೇಳಿದಳು.

“ಗಂಡಸಿನ ಹೆಸರು ತಾನೆ, ಬೀದಿಲಿ ನಿಂತ್ಕೊಂಡೇ ಓದು” ಎಂದಳು ನೌಫಾ.